ಮುಚ್ಚಳ ಕಟ್ಟಿದ ದಿನ

“ಗುರುಗಳೇ, ಅನಧ್ಯಾಯದ ದಿನವೂ ಓದಲು ನನಗೊಬ್ಬನಿಗೆ ಅಪ್ಪಣೆ ಕೊಡುತ್ತೀರಾ?” ಎಂದು ಸುಬ್ರಾಯ ಕೇಳಿದ.

ಅಂದು ಅಷ್ಟಮಿ. ನರಸಿಂಹ ಅವಧಾನಿಗಳ ಪಾಠಶಾಲೆಯಲ್ಲಿ ಅಷ್ಟಮಿಗೂ ಪಾಡ್ಯಕ್ಕೂ ಪಾಠವಿರಲಿಲ್ಲ. ಆ ದಿನ ಗುರುಗಳು ಪಾಠ ಹೇಳುವಂತಿಲ್ಲ, ಶಿಷ್ಯರು ಓದುವಂತಿಲ್ಲ, ಪುಸ್ತಕದ ಕಟ್ಟನ್ನು ಬಿಚ್ಚುವಂತೆಯೂ ಇಲ್ಲ. ಅನಧ್ಯಾಯ ಎಂದರೆ ಅದೇ. ಉಳಿದ ಶಿಷ್ಯರೆಲ್ಲ ಬೆಳಗಿನ ಗಂಜಿ ಕುಡಿದವರೇ ಹೊಳೆಗೆ ಓಡಿದ್ದರು. ಅವರು ನೀರಿಗೆ ಹಾರುವ ಸದ್ದು, ಒಬ್ಬರನ್ನೊಬ್ಬರು ಬೈದುಕೊಳ್ಳುವ ಸದ್ದು ಜಗಲಿಯವರೆಗೂ ಕೇಳಿಸುತ್ತಿತ್ತು.

ಅವಧಾನಿಗಳು ಮಹಾ ಸಿಟ್ಟಿನ ಮನುಷ್ಯ. ಪಾಠದ ಹೊತ್ತಿನಲ್ಲಿ ಯಾರಾದರೂ ಒಂದು ಸ್ವರ ತಪ್ಪಿದರೆ ಅವರು ಗದರುವ ಸದ್ದಿಗೆ ಅಂಗಳದ ಕಾಗೆಗಳು ಹಾರಿಹೋಗುತ್ತಿದ್ದವು. ಅನಧ್ಯಾಯದ ದಿನ ಮಾತ್ರ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು. ಜಗಲಿಯ ಮೇಲೆ ಚಾಪೆ ಹಾಸಿಕೊಂಡು, ಪಾದಕ್ಕೆ ಹರಳೆಣ್ಣೆ ತಿಕ್ಕಿಕೊಂಡು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದರು. ಅವತ್ತೂ ಹಾಗೆಯೇ ಕೂತಿದ್ದರು.

ಸುಬ್ರಾಯನಿಗೆ ಹೊಳೆ ಬೇಕಿರಲಿಲ್ಲ. ಬರುವ ಹುಣ್ಣಿಮೆಗೆ ಊರೂರಿನ ವಿದ್ವಾಂಸರು ಬಂದು ಶಿಷ್ಯರನ್ನು ಪರೀಕ್ಷಿಸುವವರಿದ್ದರು. ಅದರಲ್ಲಿ ಗೆದ್ದವರು ಮುಂದಿನ ಶಾಸ್ತ್ರಕ್ಕೆ ಕೂರುತ್ತಾರೆ, ಸೋತವರು ಹಾಸಿಗೆ ಸುತ್ತಿಕೊಂಡು ಮನೆಗೆ ಹೋಗುತ್ತಾರೆ. ಸುಬ್ರಾಯನ ತಂದೆ ಮದುವೆ ಮುಂಜಿಗಳಿಗೆ ಅಡಿಗೆ ಮಾಡುವವರು. ಮನೆಗೆ ಹೋದರೆ ಸೌಟು ಹಿಡಿಯಬೇಕು. ಸೌಟನ್ನು ಅವನು ಕೀಳೆಂದು ತಿಳಿದಿರಲಿಲ್ಲ, ಅಪ್ಪನ ಕೈಯ ಹುಳಿ ಅವನಿಗೆ ಈಗಲೂ ಕನಸಿನಲ್ಲಿ ಬರುತ್ತಿತ್ತು. ಆದರೆ ಓದು ಅವನಿಗೆ ಪ್ರಾಣವಾಗಿತ್ತು. ಇತರರಿಗಿಂತ ತಡವಾಗಿ ಸೇರಿದವನು, ಅವರನ್ನು ಹಿಡಿಯಬೇಕೆಂದು ಹಗಲಿರುಳೂ ಓದುತ್ತಿದ್ದ. ಹೀಗಿದ್ದರೂ ನಿನ್ನೆ, ಎಂದೋ ಬಾಯಿಗೆ ಬಂದಿದ್ದ ಅಧ್ಯಾಯದಲ್ಲೇ ನಡುವೆ ನಿಂತುಬಿಟ್ಟಿದ್ದ. ಮುಂದಿನ ಸಾಲು ತಲೆಯಲ್ಲಿ ಇರಲೇ ಇಲ್ಲ. ಅವನಿಗೆ ಭಯವಾಗಿತ್ತು. ಒಳಗೆ ಹಾಕಿದ್ದೆಲ್ಲ ಎಲ್ಲಿಂದಲೋ ಸೋರಿಹೋಗುತ್ತಿದೆ ಎನಿಸುತ್ತಿತ್ತು.

“ಅಪ್ಪಣೆಯನ್ನು ಈಗ ಕೇಳುತ್ತಿದ್ದೀಯಾ?” ಎಂದರು ಅವಧಾನಿಗಳು. “ಅನಧ್ಯಾಯ ಬಂದಾಗಲೆಲ್ಲ ನೀನು ಕೊಟ್ಟಿಗೆಯಲ್ಲಿ ಅಡಗಿ ಓದುವುದು ನನಗೆ ಗೊತ್ತಿಲ್ಲವೇನೋ? ನಮ್ಮ ಹಸುವಿಗೆ ಈ ಹೊತ್ತಿಗೆ ಅರ್ಧ ಬಾಯಿಪಾಠವಾಗಿರಬೇಕು.”

ಸುಬ್ರಾಯನ ಮುಖ ಕೆಂಪಾಯಿತು. ಅವನು ತಲೆ ತಗ್ಗಿಸಿ, “ಇವತ್ತೊಂದು ದಿನ ಸುಮ್ಮನೆ ಕಳೆದರೆ ಅಷ್ಟು ಓದು ನಷ್ಟವಲ್ಲವೇ ಗುರುಗಳೇ? ನನಗೆ ಇರುವ ದಿನಗಳೇ ಕಡಿಮೆ,” ಎಂದ.

ಅವಧಾನಿಗಳು ಗದರಲಿಲ್ಲ. ಎಣ್ಣೆಯ ಬಟ್ಟಲನ್ನು ಆಚೆ ಸರಿಸಿ, “ಕೂತುಕೋ,” ಎಂದರು. ಅವನು ಕೂತ ಮೇಲೆ ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ಬಣ್ಣಗಾರನಿದ್ದ. ನೂಲಿಗೂ ಬಟ್ಟೆಗೂ ನೀಲಿ ಹಾಕುವುದು ಅವನ ಕಸುಬು. ಹಿತ್ತಿಲಿನಲ್ಲಿ ಒಂದು ದೊಡ್ಡ ಮಣ್ಣಿನ ಗುಡಾಣವನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತಿದ್ದ. ಅದರಲ್ಲಿ ನೀಲಿಯ ಗಟ್ಟಿ, ಸುಣ್ಣ, ಬೆಲ್ಲ, ತಗಚೆ ಬೀಜದ ಗಂಜಿ ಎಲ್ಲ ಸೇರಿ ಹುಳಿತು ಕೂತಿರುತ್ತಿತ್ತು. ಚೆನ್ನಾಗಿ ಹುಳಿತರೆ ಗುಡಾಣ ಜೀವ ಹಿಡಿಯಿತು ಎನ್ನುತ್ತಿದ್ದರು. ಕೆಟ್ಟರೆ ಗುಡಾಣ ಸತ್ತಿತು ಎನ್ನುತ್ತಿದ್ದರು. ಆ ಜನಕ್ಕೆ ಗುಡಾಣ ಎಂದರೆ ಮನೆಯ ಹಸುವಿದ್ದ ಹಾಗೆ, ಅದಕ್ಕೆ ಹಸಿವೂ ಉಂಟು, ದಣಿವೂ ಉಂಟು.

ಆ ಬಣ್ಣಗಾರನ ಹತ್ತಿರ ಒಬ್ಬ ತರುಣ ಕಸುಬು ಕಲಿಯಲು ಬಂದ. ಬಹಳ ಚುರುಕು. ಹೇಳುವ ಮೊದಲೇ ಸುಣ್ಣ ಅರೆದಿಡುತ್ತಿದ್ದ, ಕರೆಯುವ ಮೊದಲೇ ಎದ್ದು ನಿಲ್ಲುತ್ತಿದ್ದ. ಬಂದ ಕೆಲವೇ ದಿನಗಳಲ್ಲಿ ಅವನ ಕೈ ಮೊಣಕೈಯವರೆಗೆ ನೀಲಿಯಾಯಿತು. ಹುಡುಗಿಯರು ನೋಡಿ ನಕ್ಕರೆ ಆ ಕೈಯನ್ನು ಇನ್ನಷ್ಟು ಮುಂದೆ ಚಾಚಿ ತೋರಿಸುತ್ತಿದ್ದ. ಅಷ್ಟು ಹೆಮ್ಮೆ.

ಅವನಿಗೆ ಒಂದೇ ಒಂದು ಬೇಸರ. ತನ್ನ ಗುರು ಸೋಮಾರಿ ಎಂದು. ಆ ಬಣ್ಣಗಾರ ಬಟ್ಟೆಯನ್ನು ಗುಡಾಣದಲ್ಲಿ ಅದ್ದಿ, ಒಂದು ಎಲೆಯಡಿಕೆ ಅಗಿದು ಮುಗಿಸುವಷ್ಟು ಹೊತ್ತು ಮಾತ್ರ ಅದರಲ್ಲಿ ಇಡುತ್ತಿದ್ದ. ಆಮೇಲೆ ಎತ್ತಿ, ಹಿಂಡಿ, ನೆರಳಿನ ಹಗ್ಗಕ್ಕೆ ಹರವಿ, ತಾನು ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದ. ಹಾಗೇ ಕೂತು ತೂಕಡಿಸುವುದೂ ಇತ್ತು. ಬಹಳ ಹೊತ್ತಾದ ಮೇಲೆ ಮತ್ತೊಂದು ಸಲ ಅದ್ದುವುದು, ಮತ್ತೆ ಹಗ್ಗ, ಮತ್ತೆ ಕಟ್ಟೆ. ಅದೂ ಸಾಲದೆಂದು ಸೋಮವಾರ ಬಂತೆಂದರೆ ಗುಡಾಣದ ಬಾಯಿಗೆ ಮುಚ್ಚಳವಿಟ್ಟು, ಬಟ್ಟೆ ಸುತ್ತಿ, ಹುರಿಯಿಂದ ಬಿಗಿದು ಕಟ್ಟುತ್ತಿದ್ದ. ಅವತ್ತು ಯಾರೂ ಗುಡಾಣದ ಹತ್ತಿರ ಸುಳಿಯುವಂತಿಲ್ಲ. ಆ ಬೀದಿಯ ಬಣ್ಣಗಾರರೆಲ್ಲರ ಕಟ್ಟಳೆ ಅದು.

ಕಲಿತವನಿಗೆ ಆ ಬೀದಿಯಲ್ಲಿ ಒಂದು ಪರೀಕ್ಷೆಯೂ ಇತ್ತು. ಅವನು ಒಂದು ಸೀರೆಗೆ ತಾನೊಬ್ಬನೇ ನೀಲಿ ಹಾಕಬೇಕು. ಅದನ್ನು ಬೀದಿಯ ಹಿರಿಯರ ಎದುರು ಹೊಳೆಯ ಕಲ್ಲಿನ ಮೇಲೆ ಒಗೆಯಬೇಕು. ನೀರು ತಿಳಿಯಾಗಿಯೇ ಉಳಿದರೆ ಅವನು ಬಣ್ಣಗಾರ. ನೀರಿಗೆ ಬಣ್ಣ ಬಿಟ್ಟರೆ ಅವನು ಬಂದ ದಾರಿ ಹಿಡಿಯಬೇಕು. ಅಲ್ಲದೆ ಆ ಮೊದಲ ಸೀರೆಯನ್ನು ಮಾರುವಂತಿಲ್ಲ, ಅವನ ಮನೆಯವರೇ ಯಾರಾದರೂ ಉಡಬೇಕು.

ಈ ತರುಣನಿಗೆ ಮನೆಯವರು ಎಂದು ಇದ್ದದ್ದು ಒಬ್ಬ ಅಕ್ಕ. ತಾಯಿ ಸತ್ತ ಮೇಲೆ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆ ಊರಿಗೇ ಮದುವೆಯಾಗಿ ಬಂದಿದ್ದಳು. ಅವಳ ಮಗುವಿನ ಜಾವಳ ಹತ್ತಿರ ಬಂದಿತ್ತು. “ನನ್ನ ಮಗುವಿನ ಕೂದಲು ತೆಗೆಸುವ ದಿನ ನನ್ನ ತಮ್ಮ ನೀಲಿ ಹಾಕಿದ ಸೀರೆಯನ್ನೇ ಉಡುವುದು,” ಎಂದು ಅತ್ತೆಯ ಮುಂದೆ, ಓರಗಿತ್ತಿಯರ ಮುಂದೆ, ಬಾವಿಕಟ್ಟೆಯಲ್ಲಿ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದಳು. ಹಾಗಾಗಿ ತರುಣನಿಗೆ ತನ್ನ ಕಸುಬೂ ಅದೇ ಸೀರೆ, ಅಕ್ಕನ ಮಾನವೂ ಅದೇ ಸೀರೆ.

ಅವನು ಸೀರೆಗೆ ಕೈ ಹಾಕಿದ. ಕೆಲವು ಸಲ ಅದ್ದಿ ಹರವಿದ ಮೇಲೆ ಅದು ತಿಳಿ ನೀಲಿಯಾಯಿತು. ಇನ್ನೂ ನೇರಳೆ ಹಣ್ಣಿನ ಬಣ್ಣಕ್ಕೆ ಬರಬೇಕು. ಅಷ್ಟರಲ್ಲಿ ಸೋಮವಾರ ಬಂತು. ಬಣ್ಣಗಾರ ಗುಡಾಣಕ್ಕೆ ಮುಚ್ಚಳ ಕಟ್ಟಿ, “ಇವತ್ತು ಮಲಗು, ಇಲ್ಲವೇ ಅಕ್ಕನ ಮನೆಗೆ ಹೋಗಿ ಉಂಡು ಬಾ,” ಎಂದು ಹೇಳಿ ಬೀಗರ ಊರಿಗೆ ಹೋದ.

ತರುಣ ಮಲಗಲೂ ಇಲ್ಲ, ಉಣ್ಣಲೂ ಹೋಗಲಿಲ್ಲ. ಅವನು ಲೆಕ್ಕ ಹಾಕುತ್ತಾ ಕೂತ. ಒಂದು ಎಲೆಯಡಿಕೆಯ ಹೊತ್ತು ಮುಳುಗಿದರೆ ಇಷ್ಟು ನೀಲಿ ಬರುತ್ತದೆ. ಹಗಲಿಡೀ ಮುಳುಗಿದರೆ ಎಷ್ಟು ಬರಬೇಡ? ಲೆಕ್ಕ ಸರಿಯಾಗಿಯೇ ಇತ್ತು. ಇಂಥ ಲೆಕ್ಕಗಳು ಯಾವಾಗಲೂ ಸರಿಯಾಗಿಯೇ ಇರುತ್ತವೆ ಮಾರಾಯ. ಅವನು ಹುರಿ ಬಿಚ್ಚಿದ, ಮುಚ್ಚಳ ತೆಗೆದ, ಸೀರೆಯನ್ನು ಒಳಗೆ ಬಿಟ್ಟ. ಬೆಳಗಿನಿಂದ ಸಂಜೆಯವರೆಗೆ ಕೋಲಿನಿಂದ ತಿರುವಿದ, ಒತ್ತಿದ, ಮತ್ತೆ ತಿರುವಿದ. ಊಟ ಬಿಟ್ಟ. ಬೆನ್ನು ಮುರಿಯುವಂತಾದರೂ ಬಿಡಲಿಲ್ಲ. ತನ್ನ ಗುರು ಇಷ್ಟು ದಿನ ಕಟ್ಟೆಯ ಮೇಲೆ ಕೂತು ಎಷ್ಟು ಕಾಲ ಹಾಳುಮಾಡಿದನಲ್ಲ ಎಂದು ಅವನಿಗೆ ನಗುವೂ ಬಂತು. ಕತ್ತಲಾಗುವ ಹೊತ್ತಿಗೆ ಸೀರೆಯನ್ನು ಎತ್ತಿದ. ಒದ್ದೆ ಬಟ್ಟೆ, ಮಬ್ಬು ಬೆಳಕು, ಅದು ಅವನ ಕಣ್ಣಿಗೆ ಕಡುನೀಲಿಯಾಗಿಯೇ ಕಂಡಿತು. ಮುಚ್ಚಳವನ್ನು ಮೊದಲಿನಂತೆ ಕಟ್ಟಿ ನೆಮ್ಮದಿಯಾಗಿ ಮಲಗಿದ.

“ಆಮೇಲೆ?” ಎಂದ ಸುಬ್ರಾಯ. ಅವನಿಗೆ ಆ ತರುಣನ ಮೇಲೆ ಆಗಲೇ ಅಕ್ಕರೆ ಹುಟ್ಟಿತ್ತು. ಒಳಗೊಳಗೆ ಅವನೇ ಗೆಲ್ಲಲಿ ಎನಿಸುತ್ತಿತ್ತು.

ಆಮೇಲೆ ಇನ್ನೇನು? ಬೆಳಿಗ್ಗೆ ಬಣ್ಣಗಾರ ಬೀಗರ ಊರಿಂದ ಬರುವುದನ್ನೂ ಕಾಯದೆ, ಹಿರಿಯರನ್ನು ತಾನೇ ಕರೆದುಕೊಂಡು ಹೊಳೆಗೆ ಹೋದ. ಅಕ್ಕ ಮಗುವನ್ನು ಎತ್ತಿಕೊಂಡು ಬಂದಳು. ಅವಳ ಅತ್ತೆಯೂ ಬಂದಳು. ತರುಣ ಸೀರೆಯನ್ನು ನೀರಿಗದ್ದಿ ಕಲ್ಲಿನ ಮೇಲೆ ಒಗೆದ. ನೀಲಿ ಬುಸ್ಸೆಂದು ಹೊರಟಿತು. ಮತ್ತೆ ಒಗೆದ, ಮತ್ತೆ ಹೊರಟಿತು. ಅವನ ಕಾಲ ಸುತ್ತ ಹೊಳೆಯೇ ನೀಲಿಯಾಯಿತು, ಕೈಯಲ್ಲಿ ಉಳಿದದ್ದು ಬೂದಿ ಬಣ್ಣದ ಒಂದು ಬಟ್ಟೆ. ಮೊದಲು ಇದ್ದ ತಿಳಿ ನೀಲಿಯೂ ಅದರಲ್ಲಿ ಇರಲಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಹೋದರು. ಅತ್ತೆ ಸೊಸೆಯ ಕಡೆ ತಿರುಗಿ, “ಇದೇನಾ ನೀನು ಉಡುವ ಸೀರೆ?” ಎಂದಳು. ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ದಂಡೆ ಹತ್ತಿದಳು. ತರುಣ ನೀರಿನಲ್ಲಿ ನಿಂತಲ್ಲೇ ಅತ್ತುಬಿಟ್ಟ. ಅಷ್ಟು ದುಡಿದವನಿಗೆ ಹಾಗಾಗಬಾರದಿತ್ತು, ಆದರೆ ಆಯಿತು.

ತರುಣ ಗುರುವಿನ ಮನೆಗೆ ಬಂದು ಹಾಸಿಗೆ ಸುತ್ತುತ್ತಿದ್ದಾಗ ಬಣ್ಣಗಾರ ಬಂದ. ಎಲ್ಲ ಕೇಳಿದ. ಹೋಗಿ ಗುಡಾಣದ ಮುಚ್ಚಳ ತೆಗೆದು ಮೂಸಿ ನೋಡಿದ. ಗುಡಾಣ ಸತ್ತಿತ್ತು.

“ನಾನು ಏನು ಕಡಿಮೆ ಮಾಡಿದೆ?” ಎಂದ ತರುಣ. “ದಿನವಿಡೀ ಮುಳುಗಿಸಿ ಇಟ್ಟೆನಲ್ಲ!”

“ಗುಡಾಣದೊಳಗೆ ನೀಲಿ ಇದೆ ಅಂದುಕೊಂಡೆಯಾ?” ಎಂದ ಬಣ್ಣಗಾರ. “ಇಷ್ಟು ದಿನ ಕೈ ಹಾಕಿದ್ದೀಯ, ಒಂದು ದಿನವಾದರೂ ಕಣ್ಣು ಹಾಕಿದೆಯಾ? ಜೀವ ಇರುವ ಗುಡಾಣದ ನೀರು ಹಳದಿ. ಬಟ್ಟೆ ಹೊರಗೆ ಬರುವಾಗಲೂ ಹಳದಿ. ಅದು ನೀಲಿಯಾಗುವುದು ಹಗ್ಗದ ಮೇಲೆ, ಗಾಳಿಯಲ್ಲಿ. ಗಾಳಿಗೆ ಬಿಟ್ಟು ನೀಲಿಯಾದದ್ದೇ ಬಟ್ಟೆಗೆ ಉಳಿಯುವುದು. ಬಿಡದೆ ಮುಳುಗಿಸಿಟ್ಟರೆ, ಮೊದಲು ಕೊಟ್ಟದ್ದನ್ನೂ ಗುಡಾಣ ಬಿಡಿಸಿಕೊಂಡುಬಿಡುತ್ತದೆ. ಹಾಗೇ ಕಲಕುತ್ತಾ ಇದ್ದರೆ ಅದೂ ಸಾಯುತ್ತದೆ.”

ತರುಣ ಹಾಸಿಗೆಯ ಸುರುಳಿಯನ್ನು ಹೆಗಲಿಗೆ ಹಾಕಿ, ಕಾಲಿಗೆ ಬಿದ್ದು ಹೊರಟ. ಬಣ್ಣಗಾರ ಅವನ ಹಾಸಿಗೆಯನ್ನೇ ಹಿಡಿದು ಎಳೆದ. “ಎಲ್ಲಿಗಯ್ಯಾ ಹೊರಟೆ? ಸಾಯಿಸಿದ ಗುಡಾಣಕ್ಕೆ ನಿನ್ನ ತಾತ ಬಂದು ಜೀವ ಕೊಡುತ್ತಾನಾ? ಬೆಲ್ಲ ತಾ, ಸುಣ್ಣ ತಾ. ಅದು ಏಳುವವರೆಗೆ ನೀನು ಇಲ್ಲೇ ಬಿದ್ದಿರು. ಹಿರಿಯರಿಗೆ ನಾನು ಹೇಳುತ್ತೇನೆ,” ಎಂದ. ಬೈಗುಳದಲ್ಲೇ ಕರುಣೆ ಇಟ್ಟ ಮನುಷ್ಯ ಅವನು.

ಗುಡಾಣಕ್ಕೆ ಉಣಿಸಿದ್ದಾಯಿತು, ಮುಚ್ಚಳ ಕಟ್ಟಿದ್ದಾಯಿತು. ತರುಣನಿಗೆ ಮಾಡಲು ಕೆಲಸವಿಲ್ಲ. ಕಾಯುವುದಕ್ಕಿಂತ ಅಂದು ಹಗಲಿಡೀ ಕೋಲು ತಿರುವಿದ್ದೇ ಸುಲಭವಾಗಿತ್ತು ಎಂದು ಅವನಿಗೆ ಆಗ ತಿಳಿಯಿತು. ಕಡೆಗೊಂದು ದಿನ ಗುಡಾಣ ಜೀವ ಹಿಡಿಯಿತು. ಜಾವಳಕ್ಕೆ ಇನ್ನು ಸ್ವಲ್ಪವೇ ದಿನ ಉಳಿದಿತ್ತು. ಅದೇ ಬೂದಿ ಬಣ್ಣದ ಸೀರೆಯನ್ನು ಅವನು ಮತ್ತೆ ಅದ್ದಿದ, ಹೇಳಿದಷ್ಟೇ ಹೊತ್ತು ಇಟ್ಟ, ಎತ್ತಿ ಹಗ್ಗಕ್ಕೆ ಹರವಿದ. ಬುದ್ಧಿ ಬಂದಿತ್ತಲ್ಲ.

ಬುದ್ಧಿ ಬಂದಿತ್ತು, ಜೀವ ತಡೆಯಲಿಲ್ಲ. ಕಟ್ಟೆಗೆ ಹೋಗಿ ಕೂರುವ ಬದಲು ಅವನು ಸೀರೆಯ ಕೆಳಗೇ ನಿಂತ. ಬಣ್ಣ ಬಂತೇ ಎಂದು ಸೆರಗನ್ನು ಚಿವುಟಿ ನೋಡಿದ. ಇನ್ನೂ ಬಂದಿಲ್ಲ ಎಂದು ನಡುವನ್ನು ಮಡಿಸಿ ನೋಡಿದ. ಅಂಚನ್ನು ಬೆರಳಿನಿಂದ ಒರೆಸಿ ಬೆರಳನ್ನು ನೋಡಿಕೊಂಡ. ಬೆರಳು ಒತ್ತಿದ ಕಡೆ, ಮಡಿಕೆ ಬಿದ್ದ ಕಡೆ ಗಾಳಿ ಹೋಗಲಿಲ್ಲ. ಸೀರೆ ನೀಲಿಯಾದಾಗ ಅಲ್ಲೆಲ್ಲ ಬಿಳಚಿದ ಗೆರೆಗಳು, ಬೆರಳಿನ ಗುರುತುಗಳು ಎದ್ದು ನಿಂತವು. ಬಣ್ಣಗಾರ ನೋಡಿ ತಲೆ ಚಚ್ಚಿಕೊಂಡ. “ನಿನ್ನನ್ನು ಆ ಹಗ್ಗಕ್ಕೆ ನೇತುಹಾಕಿ ಸೀರೆಯನ್ನು ಕಟ್ಟೆಯ ಮೇಲೆ ಕೂರಿಸಬೇಕಿತ್ತು,” ಎಂದ.

ಮಾರನೆಯ ದಿನ ಅಕ್ಕ ಬಂದಳು. ತಮ್ಮನ ಮುಖ ನೋಡಿದಳು. ಕಣ್ಣು ಗುಳಿ ಬಿದ್ದು ಹೋಗಿತ್ತು. ಅವನು ಆಗಷ್ಟೇ ಸೀರೆಯನ್ನು ಮತ್ತೊಮ್ಮೆ ಅದ್ದಿ ಹರವಿ, ಅದರ ಕೆಳಗೆ ನಿಂತಿದ್ದ. ಅವಳು ಸೀರೆಯ ಸುದ್ದಿಯನ್ನೇ ಎತ್ತಲಿಲ್ಲ. ಮಗುವನ್ನು ಅವನ ಕೈಗೆ ಹಾಕಿ, “ಇದು ಬೆಳಗಿನಿಂದ ನನ್ನ ಪ್ರಾಣ ಹಿಂಡುತ್ತಿದೆ, ಸ್ವಲ್ಪ ಹೊತ್ತು ಎತ್ತಿಕೊಂಡು ಹೋಗು, ನಾನು ಒಲೆ ಹಚ್ಚಬೇಕು,” ಎಂದು ಹೊರಟೇಬಿಟ್ಟಳು.

ಮಗುವಿಗೆ ನೀಲಿಯೂ ಗೊತ್ತಿಲ್ಲ, ಜಾವಳವೂ ಗೊತ್ತಿಲ್ಲ. ಅದು ಅವನ ಮೂಗು ಹಿಡಿದು ಎಳೆಯಿತು. ಅವನು ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆಯ ದಂಡೆಗೆ ಹೋದ. ಮರಳಿನಲ್ಲಿ ಗುಂಡಿ ತೋಡಿದರು. ನೀರಿಗೆ ಕಲ್ಲೆಸೆದರು. ಹೊಂಗೆಯ ನೆರಳಿನಲ್ಲಿ ಮಗು ಅವನ ಎದೆಯ ಮೇಲೆ ಬೋರಲು ಬಿದ್ದು ನಿದ್ದೆ ಮಾಡಿತು. ಅದನ್ನು ಎಬ್ಬಿಸಬಾರದೆಂದು ಅವನು ಮಿಸುಕದೆ ಮಲಗಿದ. ಮಲಗಿದವನಿಗೂ ನಿದ್ದೆ ಹತ್ತಿತು. ಆ ಊರಿಗೆ ಬಂದ ಮೇಲೆ ಅವನು ಹಗಲು ಕಣ್ಣು ಮುಚ್ಚಿದ್ದು ಅದೇ ಮೊದಲು. ಎಚ್ಚರವಾದಾಗ ಹೊತ್ತು ಇಳಿದಿತ್ತು. ಅವನು ಬೆಚ್ಚಿ ಎದ್ದು, ಮಗುವನ್ನು ಅವುಚಿಕೊಂಡು ಓಡಿಬಂದ.

ಸೀರೆ ಹಗ್ಗದ ಮೇಲೆ ಸಮನಾಗಿ ನೀಲಿಯಾಗಿತ್ತು. ಯಾರೂ ಅದರ ಹತ್ತಿರ ಹೋಗಿರಲಿಲ್ಲ. ಬಣ್ಣಗಾರ ಕಟ್ಟೆಯ ಮೇಲೆ ಗೊರಕೆ ಹೊಡೆಯುತ್ತಿದ್ದ.

ಮುಂದಿನ ದಿನಗಳಲ್ಲೂ ಹಾಗೇ ನಡೆಯಿತು. ಅದ್ದಿ ಹರವುವುದು, ಮಗುವನ್ನು ಎತ್ತಿಕೊಂಡು ಹೋಗುವುದು. ಸೋಮವಾರ ಗುಡಾಣಕ್ಕೆ ಮುಚ್ಚಳ ಕಟ್ಟಿದವನು ಅವನೇ. ಜಾವಳದ ಹಿಂದಿನ ದಿನ ಹಿರಿಯರು ಹೊಳೆಗೆ ಬಂದರು. ತರುಣ ಸೀರೆಯನ್ನು ಕಲ್ಲಿಗೆ ಒಗೆದ. ನೀರು ತಿಳಿಯಾಗಿಯೇ ಹರಿಯಿತು. ಅಕ್ಕ ಮಗುವಿನ ಜಾವಳಕ್ಕೆ ಅದನ್ನೇ ಉಟ್ಟಳು. ಸೆರಗಿನ ಹತ್ತಿರ ಒಂದು ಬೆರಳಿನ ಗುರುತು ಮಾತ್ರ ಎಷ್ಟು ಅದ್ದಿದರೂ ಹೋಗಿರಲಿಲ್ಲ. ಅತ್ತೆಯ ಕಣ್ಣಿಗೆ ಬೀಳದಂತೆ ಅವಳು ಅದನ್ನು ಒಳಮಡಿಕೆಗೆ ಸೇರಿಸಿ ಉಟ್ಟಳಂತೆ.

ಅವಧಾನಿಗಳು ಕತೆ ನಿಲ್ಲಿಸಿ ಮತ್ತೆ ಎಣ್ಣೆಯ ಬಟ್ಟಲಿಗೆ ಕೈ ಹಾಕಿದರು.

ಸುಬ್ರಾಯನ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ನಿನ್ನೆ ತನ್ನ ಬಾಯಿಂದ ಜಾರಿದ ಸಾಲು ಯಾಕೆ ಜಾರಿತು ಎಂದು ಅವನಿಗೆ ಈಗ ತಿಳಿದಿತ್ತು. ತಾನು ದಡ್ಡನಲ್ಲ, ಒಂದು ದಿನವೂ ಗಾಳಿಗೆ ಬಿಡದೆ ಮುಳುಗಿಸಿಟ್ಟ ಬಟ್ಟೆ, ಅಷ್ಟೇ. ಹಾಗೆಂದುಕೊಂಡಾಗ ಅವನಿಗೆ ಅಳುವೂ ಬಂತು, ಸಮಾಧಾನವೂ ಆಯಿತು. ಹೊಳೆಯ ಕಡೆಯಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು. ಅವನು ಎದ್ದು ಗುರುಗಳಿಗೆ ನಮಸ್ಕಾರ ಮಾಡಿದ.

“ತಿಳಿಯಿತು ಗುರುಗಳೇ. ಇವತ್ತು ಪುಸ್ತಕ ಮುಟ್ಟುವುದಿಲ್ಲ, ಈಜಲು ಹೋಗುತ್ತೇನೆ,” ಎಂದ. ಮೆಟ್ಟಿಲು ಇಳಿದವನು ಅಲ್ಲೇ ತಡೆದು ನಿಂತು, ತಿರುಗಿ ಕೇಳಿದ: “ಈಜುವಾಗ ಮನಸ್ಸಿನಲ್ಲೇ ಆ ಅಧ್ಯಾಯವನ್ನು ಒಂದೇ ಒಂದು ಸಲ ಹೇಳಿಕೊಂಡು ನೋಡಲೇ? ಕೂತಿದೆಯೋ ಇಲ್ಲವೋ ಎಂದು?”

ಅವಧಾನಿಗಳು ಪಾದ ತಿಕ್ಕುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದರು.

“ಬೆರಳು ತೆಗೆ, ಸುಬ್ರಾಯ.”